ಶೀರ್ಷಿಕೆ ತುಂಬಿಸಲು ಬಂದ ‘ಕುಖ್ಯಾತ’: ಒಂದು ಪ್ರಕರಣ ಅಧ್ಯಯನ

ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರ. ಅಲ್ಲಿಂದ ಹೊರಡುವ ಒಂದು ಸ್ಥಳೀಯ ದಿನಪತ್ರಿಕೆ. ಅದೇ ಊರಿನಲ್ಲಿ ಬೈಕ್ ರಿಪೇರಿ ಗ್ಯಾರೇಜ್ ನಡೆಸುವ ಒಬ್ಬ ಮೆಕ್ಯಾನಿಕ್. ಇವರಿಬ್ಬರ ನಡುವೆ ಒಂದೇ ಒಂದು ಪದದ ಸಲುವಾಗಿ ಎದ್ದ ತಕರಾರು ಇದು. ಯಾರೆಂದು ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ನಾನು ಆ ಪತ್ರಿಕೆಯವನಲ್ಲ. ಬೇರೆ ಕಡೆ, ಸುದ್ದಿ ತಿದ್ದಿ ಪುಟ ಕಟ್ಟುವ ಡೆಸ್ಕಿನಲ್ಲಿ, ಬಹಳ ಕಾಲ ಕೂತವನು. ವಿಷಯ ವಕೀಲರ ನೋಟಿಸಿನ ತನಕ ಹೋದ ಮೇಲೆ, ‘ಒಂದ್ಸಲ ಬಂದು ನೋಡಿ’ ಎಂದು ಅಲ್ಲಿನ ಸಂಪಾದಕರು ಕರೆದರು.

ಹಿನ್ನೆಲೆ

ಸಣ್ಣ ಊರಿನ ಪತ್ರಿಕೆಗೆ ಕ್ರೈಂ ಸುದ್ದಿ ಬರುವ ದಾರಿ ಎಲ್ಲರಿಗೂ ಗೊತ್ತಿರುವುದೇ. ಸಂಜೆ ಪೊಲೀಸರ ವಾಟ್ಸಾಪ್ ಗ್ರೂಪಿಗೆ ಪತ್ರಿಕಾ ಪ್ರಕಟಣೆ ಬೀಳುತ್ತದೆ. ಜೊತೆಗೆ ಒಂದು ಫೋಟೊ. ವಶಪಡಿಸಿಕೊಂಡ ಬೈಕುಗಳು ಸಾಲಾಗಿ, ಹಿಂದೆ ಪೊಲೀಸ್ ಸಿಬ್ಬಂದಿ, ಮುಂದೆ ಕೂರಿಸಿದ ಆರೋಪಿಗಳು. ಅವತ್ತೂ ಹಾಗೇ ಬಂತು. ನಾಲ್ವರ ಬಂಧನ.

ಆ ಪ್ರಕಟಣೆಯನ್ನು ಆಮೇಲೆ ನಾನು ಸಾಲು ಸಾಲಾಗಿ ಓದಿದೆ. ಮೊದಲನೆಯ ಆರೋಪಿಯ ಹೆಸರಿನ ಮುಂದೆ ‘ಎಂಒಬಿ ಆಸಾಮಿ’ ಎಂದಿತ್ತು. ಅಂದರೆ ಕಳವಿನ ಶೈಲಿಯ ಆಧಾರದ ಮೇಲೆ ಪೊಲೀಸರು ಇಟ್ಟಿರುವ ಹಳೆಯ ಕಳ್ಳರ ದಾಖಲೆಯಲ್ಲಿ ಅವನ ಹೆಸರು ಮೊದಲೇ ಇತ್ತು. ಇನ್ನಿಬ್ಬರು ಅವನ ಜೊತೆ ಓಡಾಡಿದ ಹುಡುಗರು. ನಾಲ್ಕನೆಯವನೇ ನಮ್ಮ ಮೆಕ್ಯಾನಿಕ್. ಅವನ ಮೇಲಿದ್ದದ್ದು ಬೈಕ್ ಕದ್ದ ಆರೋಪ ಅಲ್ಲ, ಕದ್ದ ಬೈಕಿನ ಎಂಜಿನ್ ಮತ್ತು ಚಕ್ರ ಕೊಂಡ ಆರೋಪ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವಿಗೆ 303ನೇ ಕಲಂ, ಕಳವಿನ ಮಾಲು ಪಡೆಯುವುದಕ್ಕೆ 317. ಎರಡೂ ಬೇರೆ ಬೇರೆ ಅಪರಾಧ. ಪ್ರಕಟಣೆಯಲ್ಲಿ ಇದು ಸ್ಪಷ್ಟವಾಗಿಯೇ ಇತ್ತು. ‘ಕುಖ್ಯಾತ’ ಅನ್ನುವ ಪದ ಅದರಲ್ಲಿ ಎಲ್ಲೂ ಇರಲಿಲ್ಲ.

ಹಾಗಾದರೆ ಆ ಪದ ಬಂದದ್ದೆಲ್ಲಿಂದ? ಪುಟ ಕಟ್ಟುವಾಗ. ಸುದ್ದಿಗೆ ನಾಲ್ಕು ಕಾಲಂ ಅಗಲ ಕೊಟ್ಟಿದ್ದರು. ‘ಬೈಕ್ ಕಳ್ಳರ ಬಂಧನ’ ಎಂದು ಹಾಕಿದರೆ ಬಲಗಡೆ ಬಿಳಿ ಜಾಗ ಉಳಿಯಿತು. ಅಕ್ಷರ ದೊಡ್ಡದು ಮಾಡಿದರೆ ಪಕ್ಕದ ಸುದ್ದಿಗೆ ಹೊಂದಲಿಲ್ಲ. ಉಪಸಂಪಾದಕ ಮುಂದೆ ‘ಕುಖ್ಯಾತ’ ಸೇರಿಸಿದ. ಸಾಲು ಅಳತೆಗೆ ಸರಿಯಾಗಿ ಕೂತಿತು. ಪುಟ ಅಚ್ಚಿಗೆ ಹೋಯಿತು.

ಇದರಲ್ಲಿ ದ್ವೇಷ ಇಲ್ಲ, ಲಂಚ ಇಲ್ಲ, ಯಾರದೋ ಒತ್ತಡವೂ ಇಲ್ಲ. ಪ್ರತಿ ಡೆಸ್ಕಿನಲ್ಲೂ ಇಂಥ ಕೆಲವು ಪದ ಕೈಗೆ ಸಿಗುವಂತೆ ಇರುತ್ತವೆ: ಖತರ್ನಾಕ್, ಅಂತರರಾಜ್ಯ, ಖದೀಮ, ಕುಖ್ಯಾತ. ಅರ್ಥಕ್ಕಿಂತ ಅಳತೆ ನೋಡಿ ಎತ್ತಿಕೊಳ್ಳುವ ಪದಗಳು.

ಸಮಸ್ಯೆ

‘ಕುಖ್ಯಾತ ಬೈಕ್ ಕಳ್ಳರ ಬಂಧನ’. ಕೆಳಗೆ ನಾಲ್ವರ ಫೋಟೊ, ನಾಲ್ವರ ಹೆಸರು. ಇಲ್ಲಿ ಬಹುವಚನದ ಕೆಲಸ ಗಮನಿಸಿ. ‘ಕಳ್ಳರ’ ಎಂದ ಕೂಡಲೇ ಮೊದಲನೆಯವನ ಹಳೆಯ ದಾಖಲೆ ನಾಲ್ಕನೆಯವನ ತಲೆಗೂ ಬಂತು. ಒಳಗಿನ ಸುದ್ದಿಯಲ್ಲಿ ‘ಬಿಡಿಭಾಗ ಖರೀದಿಸಿದ ಆರೋಪ’ ಎಂದು ಸರಿಯಾಗಿಯೇ ಇತ್ತು, ಆದರೆ ಕೊನೆಯ ಪ್ಯಾರಾದಲ್ಲಿ. ಚಹಾದ ಅಂಗಡಿಯಲ್ಲಿ ಪೇಪರ್ ತಿರುವುವವರು ಕೊನೆಯ ಪ್ಯಾರಾ ತನಕ ಹೋಗುವುದು ಅಷ್ಟಕ್ಕಷ್ಟೇ.

ಜಾಮೀನು ಸಿಕ್ಕಿ ಅವನು ಗ್ಯಾರೇಜ್ ಬಾಗಿಲು ತೆಗೆದಾಗ ಜನ ಬಂದರು. ರಿಪೇರಿಗಲ್ಲ, ಅರ್ಧ ಬಿಚ್ಚಿಟ್ಟ ಗಾಡಿ ವಾಪಸ್ ಒಯ್ಯಲು. ಯಾರೂ ಜಗಳ ಆಡಲಿಲ್ಲ. ‘ಅಣ್ಣಾ, ಸ್ವಲ್ಪ ಅರ್ಜೆಂಟ್ ಇದೆ, ಹಂಗೇ ಕೊಟ್ಬಿಡಿ’ ಎಂದರು. ಸ್ಪೇರ್ ಪಾರ್ಟ್ಸ್ ಅಂಗಡಿಯವರು ಉದ್ರಿ ನಿಲ್ಲಿಸಿದರು. ಮಳಿಗೆಯ ಮಾಲೀಕರು ಕರಾರು ಮುಗಿದ ಮೇಲೆ ಮುಂದುವರಿಸುವುದು ಅನುಮಾನ ಎಂದರು.

ಅವನ ಹೆಂಡತಿಯ ತಮ್ಮ ಪತ್ರಿಕೆಯ ಕಚೇರಿಗೆ ಹೋದ. ವರದಿಗಾರ ಕೊಟ್ಟ ಉತ್ತರ: ‘ಪೊಲೀಸರು ಕೊಟ್ಟಿದ್ದನ್ನೇ ಹಾಕಿದ್ದೀವಿ.’ ಹುಡುಗ ಪ್ರಕಟಣೆಯ ಪ್ರತಿಯನ್ನು ಜೇಬಿನಿಂದ ತೆಗೆದು, ‘ಇದ್ರಲ್ಲಿ ಎಲ್ಲಿದೆ ತೋರಿಸಿ ಸಾರ್’ ಎಂದ. ತೋರಿಸಲು ಆಗಲಿಲ್ಲ. ‘ನಮ್ಮ ಭಾವ ಸಾಮಾನು ತಗೊಂಡಿದ್ದು ಸುಳ್ಳಲ್ಲ ಸಾರ್. ಅದಕ್ಕೆ ಕೇಸಿದೆ, ಕೋರ್ಟಿದೆ. ಕುಖ್ಯಾತ ಅಂತ ಯಾಕೆ ಹಾಕಿದ್ರಿ?’ ಇಡೀ ಪ್ರಕರಣದಲ್ಲಿ ನೇರವಾದ ಪ್ರಶ್ನೆ ಇದೇ. ವಕೀಲರ ನೋಟಿಸಿಗಿಂತ ಇದು ಚೆನ್ನಾಗಿತ್ತು.

ಪದ ಏನು ಹೇಳುತ್ತದೆ

ಖ್ಯಾತ ಅಂದರೆ ನಾಲ್ಕು ಜನರ ಬಾಯಲ್ಲಿ ಓಡಾಡುವ ಹೆಸರು. ಮುಂದೆ ‘ಕು’ ಸೇರಿದರೆ, ಕೆಟ್ಟದ್ದಕ್ಕೆ ಓಡಾಡುವ ಹೆಸರು. ಅಂದರೆ ‘ಕುಖ್ಯಾತ’ ಏಕಕಾಲಕ್ಕೆ ಎರಡು ಮಾತು ಹೇಳುತ್ತದೆ. ಒಂದು, ಇವನು ಕೆಟ್ಟದ್ದು ಮಾಡಿದ್ದಾನೆ. ಇನ್ನೊಂದು, ಅದು ಊರಿಗೆಲ್ಲ ಮೊದಲೇ ಗೊತ್ತು. ಈ ಎರಡನೆಯ ಮಾತನ್ನು ಬರೆಯುವವರು ಮರೆಯುತ್ತಾರೆ. ಅದಕ್ಕೇ ಈ ಪದ ‘ಯಾವುದಕ್ಕೆ?’ ಅನ್ನುವ ಪ್ರಶ್ನೆಯನ್ನು ಜೊತೆಯಲ್ಲೇ ತರುತ್ತದೆ. ಲಂಚಕ್ಕೆ ಕುಖ್ಯಾತ, ಅಪಘಾತಕ್ಕೆ ಕುಖ್ಯಾತ ತಿರುವು. ಗೆಳೆಯರ ನಡುವೆ ತಮಾಷೆಗೆ ‘ಲೇಟಾಗಿ ಬರೋದಕ್ಕೆ ಕುಖ್ಯಾತ’ ಅನ್ನುವಾಗಲೂ ಲೆಕ್ಕ ಸರಿ ಇರುತ್ತದೆ, ಯಾಕೆಂದರೆ ಅದು ಗುಂಪಿಗೆಲ್ಲ ಗೊತ್ತಿರುವ ವಿಷಯ.

ವೀರಪ್ಪನ್ ಹೆಸರಿನ ಮುಂದೆ ‘ಕುಖ್ಯಾತ’ ಬರೆದರೆ ಯಾರೂ ತಕರಾರು ತೆಗೆಯುವುದಿಲ್ಲ. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ್ದು, ನೂರೆಂಟು ದಿನ ಇಡೀ ರಾಜ್ಯ ಕಾದದ್ದು, ಅದಕ್ಕೂ ಮೊದಲಿನ ದಂತ, ಗಂಧದ ಮರ, ಕೊಲೆಗಳ ಸರಣಿ, ಇವೆಲ್ಲ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅಲ್ಲಿ ಪದ ಬರುವ ಮೊದಲೇ ಕುಖ್ಯಾತಿ ಇತ್ತು. ಮೆಕ್ಯಾನಿಕ್ ವಿಷಯದಲ್ಲಿ ಹಾಗಲ್ಲ. ಹಿಂದಿನ ದಿನದ ತನಕ ಅವನ ಬೀದಿಯ ಆಚೆ ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಪೇಪರ್ ಬಂದ ಮೇಲೆ ಗೊತ್ತಾಯಿತು. ಅಚ್ಚಾಗುವಾಗ ಸುಳ್ಳಾಗಿದ್ದ ಪದವನ್ನು ಅಚ್ಚಾದ ಪತ್ರಿಕೆಯೇ ನಿಜ ಮಾಡಿತು. ‘ಕಳ್ಳ’, ‘ಮೋಸಗಾರ’ ಅನ್ನುವ ಪದಗಳಿಗೆ ಈ ವಿಚಿತ್ರ ಶಕ್ತಿ ಇಲ್ಲ. ‘ಕುಖ್ಯಾತ’ನಿಗೆ ಇದೆ, ಅವನ ಸೋದರ ಸಂಬಂಧಿ ‘ಕುಪ್ರಸಿದ್ಧ’ನಿಗೂ ಇದೆ.

ಹತ್ತಿರದ ಪದಗಳನ್ನು ಬೆರೆಸುವುದೂ ಸಾಮಾನ್ಯ. ಅಪವಾದ ಅಂದರೆ ಹೊರಿಸಿದ ದೂರು, ಸುಳ್ಳೂ ಇರಬಹುದು. ಆರೋಪ ಇನ್ನೂ ತೀರ್ಮಾನ ಆಗದ್ದು. ಅಪಖ್ಯಾತಿ, ಅಪಕೀರ್ತಿ ಅಂದರೆ ಇದ್ದ ಒಳ್ಳೆಯ ಹೆಸರಿಗೆ ಬಂದ ಕುಂದು. ‘ಮನೆತನಕ್ಕೆ ಅಪಕೀರ್ತಿ ತಂದ’ ಅನ್ನುತ್ತೇವಲ್ಲ, ಹಾಗೆ. ಕುಖ್ಯಾತಿಗೆ ಮೊದಲು ಒಳ್ಳೆಯ ಹೆಸರು ಇರಬೇಕೆಂದೇನಿಲ್ಲ.

ಮಾತಿನಲ್ಲಂತೂ ಯಾರೂ ‘ಕುಖ್ಯಾತ’ ಅನ್ನುವುದಿಲ್ಲ. ‘ಕೆಟ್ಟ ಹೆಸರು’ ಅನ್ನುತ್ತಾರೆ. ಈ ಆಡುಮಾತು ಪತ್ರಿಕೆಯ ಪದಕ್ಕಿಂತ ಎಷ್ಟೋ ನ್ಯಾಯವಾದದ್ದು. ‘ಹೆಸರು ಕೆಡಿಸಿಕೊಂಡ’ ಎಂದರೆ ತಪ್ಪು ಅವನದೇ. ‘ಹೆಸರು ಕೆಡಿಸಿದರು’ ಎಂದರೆ ಬೇರೆಯವರದು. ‘ಕೆಟ್ಟ ಹೆಸರು ಬಂತು’ ಎಂದರೆ ಯಾರ ಕೆಲಸ ಎಂದು ಇನ್ನೂ ಹೇಳಿಲ್ಲ. ಒಂದು ‘ಕೊಳ್ಳು’ ಇದೆಯೋ ಇಲ್ಲವೋ ಎನ್ನುವುದರಲ್ಲಿ ಹೊಣೆ ಯಾರದೆಂದು ತಿಳಿಯುತ್ತದೆ. ‘ಕುಖ್ಯಾತ’ದಲ್ಲಿ ಈ ಸೌಲಭ್ಯ ಇಲ್ಲ. ಹೆಸರು ಕೆಟ್ಟಿದೆ, ಅಷ್ಟೇ. ಕೆಡಿಸಿದವರು ಯಾರು ಎಂದು ಅದು ಹೇಳುವುದಿಲ್ಲ.

ಏನೇನು ಮಾಡಿ ನೋಡಿದರು

ಮೊದಲ ಪ್ರಯತ್ನ, ಒಳಪುಟದ ಮೂಲೆಯಲ್ಲಿ ಒಂದು ಪುಟ್ಟ ಸ್ಪಷ್ಟನೆ. ಮೆಕ್ಯಾನಿಕ್ ಹೆಸರು, ಗ್ಯಾರೇಜಿನ ಹೆಸರು ಬರೆದು, ಅವರನ್ನು ‘ಕುಖ್ಯಾತ’ ಎಂದದ್ದು ಕಣ್ತಪ್ಪಿನಿಂದ, ವಿಷಾದಿಸುತ್ತೇವೆ ಎಂದು ಹಾಕಿದರು. ಪತ್ರಿಕೆಯವರು ಮುಗಿಯಿತು ಅಂದುಕೊಂಡರು. ಆದದ್ದು ಉಲ್ಟಾ. ಮೊದಲ ಸುದ್ದಿಯಲ್ಲಿ ನಾಲ್ಕರಲ್ಲಿ ಒಂದಾಗಿದ್ದ ಹೆಸರು ಈಗ ಒಂಟಿಯಾಗಿ, ಆ ಪದದ ಪಕ್ಕದಲ್ಲೇ ಕೂತಿತು. ಗ್ಯಾರೇಜಿನ ಹೆಸರು ಮೊದಲ ಸುದ್ದಿಯಲ್ಲಿ ಇರಲೇ ಇಲ್ಲ, ಸ್ಪಷ್ಟನೆಯಲ್ಲಿ ಬಂತು! ಸುದ್ದಿ ಓದದವರೂ ಇದನ್ನು ಓದಿದರು.

ಎರಡನೆಯದು ವೆಬ್‌ಸೈಟಿನಲ್ಲಿ. ‘ಆ ಪದ ತೆಗಿ’ ಎಂದು ಫೋನಿನಲ್ಲಿ ಯಾರೋ ಹೇಳಿದರು. ಕೂತಿದ್ದ ಹುಡುಗ ‘ಕು’ ಮಾತ್ರ ತೆಗೆದ. ಶೀರ್ಷಿಕೆ ‘ಖ್ಯಾತ ಬೈಕ್ ಕಳ್ಳರ ಬಂಧನ’ ಆಯಿತು. ಒಂದು ರಾತ್ರಿ ಹಾಗೇ ಇತ್ತು. ಬೆಳಗಾಗುವಷ್ಟರಲ್ಲಿ ಊರಿನ ವಾಟ್ಸಾಪ್ ಗ್ರೂಪುಗಳಲ್ಲೆಲ್ಲ ಅದರ ಸ್ಕ್ರೀನ್‌ಶಾಟ್, ನಗುವ ಮುಖಗಳ ಜೊತೆ. ಮೆಕ್ಯಾನಿಕ್ ಈಗ ಕಳ್ಳನೂ ಹೌದು, ತಮಾಷೆಯೂ ಹೌದು.

ಇಷ್ಟಾದ ಮೇಲೆ ವಕೀಲರ ನೋಟಿಸ್ ಬಂತು. ಸಂಪಾದಕರ ಮೊದಲ ಮನಸ್ಸು ಹೋರಾಡುವುದೇ. ‘ಬಂಧನ ಆಗಿದೆ, ಎಫ್‌ಐಆರ್ ಇದೆ, ಸತ್ಯ ಬರೆದಿದ್ದೇವೆ’ ಎಂಬ ವಾದ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಮಾನಹಾನಿಯ ಕುರಿತದ್ದು. 2024ರ ಜುಲೈ 1ರ ತನಕ ಇದು ಐಪಿಸಿಯ 499 ಮತ್ತು 500ರಲ್ಲಿ ಇತ್ತು. ಎರಡು ವರ್ಷದ ತನಕ ಸಾದಾ ಸಜೆ, ದಂಡ, ಅಥವಾ ಎರಡೂ. ಈಗ ಸಮುದಾಯ ಸೇವೆಯೂ ಸೇರಿದೆ. ಹೇಳಿದ್ದು ಸತ್ಯವಾಗಿದ್ದು, ಸಾರ್ವಜನಿಕ ಹಿತಕ್ಕಾಗಿ ಪ್ರಕಟಿಸಿದ್ದರೆ ರಕ್ಷಣೆ ಇದೆ. ಸಂಪಾದಕರು ಹಿಡಿದದ್ದು ಈ ಎಳೆಯನ್ನು.

ಪತ್ರಿಕೆಯದೇ ವಕೀಲರು ಅದನ್ನು ಕತ್ತರಿಸಿದರು. ‘ಬಂಧನ ಆಗಿದೆ ಅನ್ನೋದನ್ನ ಒಂದು ಕಾಗದ ಇಟ್ಟು ತೋರಿಸ್ತೀನಿ. ಕುಖ್ಯಾತ ಅನ್ನೋದಕ್ಕೆ ಏನು ಇಡಲಿ? ಹಿಂದಿನ ಒಂದು ಕೇಸು ಕೊಡಿ. ರೌಡಿ ಶೀಟ್ ಕೊಡಿ. ಹಳೇ ಒಂದು ಸುದ್ದಿ ಕೊಡಿ.’ ಯಾವುದೂ ಇರಲಿಲ್ಲ. ಇವನ ಬಗ್ಗೆ ಇದ್ದ ಒಂದೇ ಒಂದು ಹಳೆಯ ಸುದ್ದಿ ಅಂದರೆ ಇವರೇ ಹಾಕಿದ್ದು. ಪ್ರಕರಣ ತಿರುಗಿದ್ದು ಈ ಮೇಜಿನ ಮೇಲೆ. ಆ ಹೊತ್ತಿನ ತನಕ ಎಲ್ಲರೂ ‘ಅವನು ತಪ್ಪು ಮಾಡಿದ್ದಾನೋ ಇಲ್ಲವೋ’ ಎಂದು ವಾದಿಸುತ್ತಿದ್ದರು. ಆಮೇಲೆ ‘ನಾವು ಹೇಳಿದ್ದಕ್ಕೆ ಆಧಾರ ಇದೆಯೋ ಇಲ್ಲವೋ’ ಎಂದು ಮಾತು ಬದಲಾಯಿತು.

ಎದುರು ಕಡೆಯವರು ಭಾರತೀಯ ಪತ್ರಿಕಾ ಮಂಡಳಿಯ ದಾರಿಯನ್ನೂ ಯೋಚಿಸಿದ್ದರು. ಮೊದಲು ಸಂಪಾದಕರಿಗೆ ಬರೆಯಬೇಕು, ದಿನಪತ್ರಿಕೆಯ ವಿಷಯವಾದರೆ ಎರಡು ತಿಂಗಳ ಒಳಗೆ ದೂರು ಕೊಡಬೇಕು. ಮಂಡಳಿ ಛೀಮಾರಿ ಹಾಕಬಹುದು, ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ಗ್ಯಾರೇಜಿನ ಬಾಡಿಗೆ ಕಟ್ಟಬೇಕಾದವನಿಗೆ ಅದರಿಂದ ಏನು ಸಿಗುತ್ತದೆ ಎಂದು ಅವರೇ ಕೈಬಿಟ್ಟರು.

ಕೂತು ಮಾತಾಡಿದ ಮೇಲೆ

ನಾನು ಹೇಳಿದ್ದು ಒಂದೇ. ಅವನಿಗೆ ಏನು ಬೇಕು ಅಂತ ಯಾರಾದರೂ ಕೇಳಿದ್ದೀರಾ? ಕೇಳಿರಲಿಲ್ಲ. ನೋಟಿಸಿನಲ್ಲಿದ್ದ ಪರಿಹಾರದ ಮೊತ್ತ ನೋಡಿ ಹೆದರಿ ಕೂತಿದ್ದರು.

ಅವನು, ಭಾವಮೈದುನ, ಇಬ್ಬರೂ ಬಂದರು. ಕೈಯ ಉಗುರಿನ ಅಂಚಿಗೆ ಗ್ರೀಸ್ ಹಾಗೇ ಇತ್ತು, ಕೆಲಸ ಕಮ್ಮಿಯಾಗಿದ್ದರೂ. ದುಡ್ಡಿನ ಮಾತು ಅವನು ಎತ್ತಲೇ ಇಲ್ಲ. ‘ಸ್ಪೇರ್ ಅಂಗಡಿಯವರಿಗೆ, ಮಳಿಗೆ ಓನರ್‌ಗೆ ತೋರಿಸೋಕೆ ಒಂದು ಕಾಗದ ಬೇಕು ಸಾರ್. ನಿಮ್ಮ ಪೇಪರಲ್ಲೇ ಬಂದಿರಬೇಕು. ಅದೇ ಸೈಜಲ್ಲಿ’ ಎಂದ. ಆಮೇಲೆ ಇನ್ನೊಂದು ಷರತ್ತು ಹಾಕಿದ. ಆ ಪದ ಮತ್ತೆ ಬರಬಾರದು, ‘ಅಲ್ಲ’ ಎಂದು ಹೇಳುವುದಕ್ಕೂ ಬರಬಾರದು.

ಈ ಎರಡನೆಯ ಷರತ್ತು ಡೆಸ್ಕಿಗೆ ಕಷ್ಟವಾಯಿತು. ಯಾವುದನ್ನು ತಿದ್ದುತ್ತಿದ್ದೇವೆ ಎಂದು ಹೇಳದೆ ತಿದ್ದುಪಡಿ ಹಾಕುವುದು ಹೇಗೆ? ಪ್ರಾಮಾಣಿಕತೆ ಅಂದರೆ ತಪ್ಪಾದ ಪದವನ್ನು ಎತ್ತಿ ತೋರಿಸುವುದು ಎಂಬುದು ನಮ್ಮ ವೃತ್ತಿಯ ಪಾಠ. ಪಾಠ ತಪ್ಪಲ್ಲ. ಆದರೆ ‘ಇವರು ಕುಖ್ಯಾತರಲ್ಲ’ ಎಂಬ ಸಾಲನ್ನು ಓದಿದವರ ತಲೆಯಲ್ಲಿ ಉಳಿಯುವುದು ‘ಅಲ್ಲ’ ಅಲ್ಲ. ಮೊದಲ ಸ್ಪಷ್ಟನೆ ಅದನ್ನು ತೋರಿಸಿಯೇ ಇತ್ತು. ನಾನು ಅವನ ಪರ ನಿಂತೆ. ಉಪಸಂಪಾದಕರಲ್ಲಿ ಇಬ್ಬರು ಕೊನೆಯ ತನಕ ಒಪ್ಪಲಿಲ್ಲ.

ಕೊನೆಗೆ ಹಾಕಿದ್ದು ಸ್ಪಷ್ಟನೆ ಅಲ್ಲ, ಸುದ್ದಿ. ಅದೇ ಪುಟ, ನಾಲ್ಕು ಕಾಲಂ. ‘ಬೈಕ್ ಕಳವು: ನಾಲ್ಕನೇ ಆರೋಪಿ ಮೇಲೆ ಕಳವಿನ ಆರೋಪವಿಲ್ಲ’ ಎಂಬ ಶೀರ್ಷಿಕೆ. ಒಳಗೆ ಅವನ ಮೇಲಿರುವುದು ಮಾಲು ಕೊಂಡ ಆರೋಪ ಮಾತ್ರ, ಹಿಂದೆ ಯಾವ ಪ್ರಕರಣವೂ ಇಲ್ಲ, ಜಾಮೀನಿನ ಮೇಲೆ ಇದ್ದಾನೆ, ದಾಖಲೆ ಇಲ್ಲದ ಸಾಮಾನು ಕೊಂಡದ್ದರ ಬಗ್ಗೆ ಅವನು ಕೊಡುವ ವಿವರಣೆ ಏನು, ಇಷ್ಟು. ಕೊನೆಯಲ್ಲಿ ಒಂದು ಸಾಲು: ಮೊದಲ ವರದಿಯ ಶೀರ್ಷಿಕೆ ಪೊಲೀಸ್ ಪ್ರಕಟಣೆಯಲ್ಲಿ ಇಲ್ಲದ್ದನ್ನು ಹೇಳಿತ್ತು, ಅದು ಪತ್ರಿಕೆಯ ತಪ್ಪು. ಅವನನ್ನು ನಿರಪರಾಧಿ ಎಂದು ಬರೆಯಲಿಲ್ಲ. ಅದು ನ್ಯಾಯಾಲಯದ ಕೆಲಸ. ಅವನೂ ಹಾಗೆ ಬರೆಯಿರಿ ಎಂದು ಕೇಳಲಿಲ್ಲ.

ವೆಬ್‌ಸೈಟಿನ ಕೆಲಸ ಇನ್ನೂ ಜಾಸ್ತಿ ಇತ್ತು. ಶೀರ್ಷಿಕೆ ಬದಲಿಸಿದರು, ತಿದ್ದಿದ ದಿನಾಂಕ ಹಾಕಿದರು, ಹೊಸ ಸುದ್ದಿಗೆ ಕೊಂಡಿ ಕೊಟ್ಟರು. ಆದರೂ ಹುಡುಕಿದರೆ ಆ ಪದ ಬರುತ್ತಲೇ ಇತ್ತು. ಪುಟದ ವಿಳಾಸದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಕುಖ್ಯಾತ’ ಕೂತಿದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಂಡುಹಿಡಿದವನು ಆ ಭಾವಮೈದುನನೇ. ವಿಳಾಸ ಬದಲಿಸಿ, ಹಳೆಯದನ್ನು ಹೊಸದಕ್ಕೆ ತಿರುಗಿಸಿದ ಮೇಲೆ ಕ್ರಮೇಣ ಅದು ಹಿಂದೆ ಸರಿಯಿತು.

ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಸುಮಾರು ಕ್ರಿ.ಶ. 700ರದು. ‘ಸಾಧುಗೆ ಸಾಧು’ ಎಂಬ ತ್ರಿಪದಿಯಿಂದ ನಮಗೆ ಅದು ಪರಿಚಿತ. ಅದರಲ್ಲೇ ಒಂದು ಸಂಸ್ಕೃತ ಶ್ಲೋಕವೂ ಇದೆ. ಸಾವಿನ ನೋವು ಕ್ಷಣದ್ದು, ‘ಮಾನಭಂಗಂ ದಿನೇ ದಿನೇ’ ಎನ್ನುತ್ತದೆ. ಸರ್ಚ್ ಎಂಜಿನ್ ಬಂದ ಮೇಲೆ ಈ ‘ದಿನೇ ದಿನೇ’ ಅಕ್ಷರಶಃ ನಿಜವಾಗಿದೆ. ಅಂದಹಾಗೆ ‘ಮಾನಭಂಗ’ ಎಂಬ ಪದವನ್ನೇ ನಮ್ಮ ಕ್ರೈಂ ಪುಟಗಳು ಬೇರೆ ಒಂದೇ ಅಪರಾಧಕ್ಕೆ ಕಟ್ಟಿಹಾಕಿ, ಮರ್ಯಾದೆ ಹೋಗುವುದು ಎಂಬ ಅದರ ಹಳೆಯ ಅರ್ಥವನ್ನು ಮೂಲೆಗೆ ತಳ್ಳಿವೆ.

ಆದದ್ದೇನು

ನೋಟಿಸ್ ಮುಂದುವರಿಯಲಿಲ್ಲ. ಅವನು ಆ ಸುದ್ದಿಗೆ ಲ್ಯಾಮಿನೇಶನ್ ಮಾಡಿಸಿ ಸ್ಪೇರ್ ಅಂಗಡಿಗೆ ಒಯ್ದ. ಉದ್ರಿ ಮತ್ತೆ ಶುರುವಾಯಿತು, ಮೊದಲಿನಷ್ಟಲ್ಲ. ಮಳಿಗೆ ಮಾಲೀಕರು ಕರಾರು ಮುಂದುವರಿಸಿದರು, ಬಾಡಿಗೆ ಏರಿಸಿ. ಹಳೆಯ ಗಿರಾಕಿಗಳಲ್ಲಿ ಕೆಲವರು ಬಂದರು, ಕೆಲವರು ಬರಲಿಲ್ಲ. ‘ಖ್ಯಾತ’ ಸ್ಕ್ರೀನ್‌ಶಾಟ್ ಆಗಾಗ ಯಾವುದಾದರೂ ಗ್ರೂಪಿನಲ್ಲಿ ತಲೆ ಎತ್ತುತ್ತಲೇ ಇದೆ. ಅದಕ್ಕೆ ಯಾರ ಬಳಿಯೂ ಮದ್ದಿಲ್ಲ.

ಡೆಸ್ಕಿನಲ್ಲಿ ಒಂದು ನಿಯಮ ಬಂತು. ‘ಕುಖ್ಯಾತ’ ಬರೆಯುವ ಮುನ್ನ ‘ಯಾವುದಕ್ಕೆ?’ ಮತ್ತು ‘ನಿನ್ನೆ ಯಾರಿಗೆ ಗೊತ್ತಿತ್ತು?’ ಎಂದು ಕೇಳಬೇಕು. ಎರಡನೆಯದಕ್ಕೆ ಕಾಗದದಲ್ಲಿ ಉತ್ತರ ಇರಬೇಕು: ಶಿಕ್ಷೆ, ಹಿಂದಿನ ಪ್ರಕರಣಗಳು, ಅಥವಾ ಪೊಲೀಸ್ ದಾಖಲೆ. ಇಲ್ಲದಿದ್ದರೆ ಬಿಳಿ ಜಾಗ ಉಳಿದರೂ ಪರವಾಗಿಲ್ಲ. ಹಲವರಿದ್ದಾಗ ಒಬ್ಬನ ದಾಖಲೆಯನ್ನು ಬಹುವಚನದಲ್ಲಿ ಹಂಚಬಾರದು.

ವರದಿಗಾರರಿಗೆ ಇದು ಇಷ್ಟವಾಗಲಿಲ್ಲ. ಪುಟ ಸಪ್ಪೆಯಾಯಿತು ಎಂದರು. ನಿಯಮ ಬಂದು ಸ್ವಲ್ಪ ದಿನಕ್ಕೇ ಬೇರೊಂದು ಸುದ್ದಿಯಲ್ಲಿ ‘ನಟೋರಿಯಸ್’ ಎಂದು ಕನ್ನಡ ಅಕ್ಷರದಲ್ಲಿ ಬಂತು. ಕೇಳಿದರೆ, ‘ಆ ಪದ ಬಳಸಬೇಡಿ ಅಂದ್ರಿ, ಇದು ಬೇರೆ ಪದ ಅಲ್ವಾ ಸಾರ್?’ ನಿಯಮವನ್ನು ಪದಕ್ಕೆ ಕಟ್ಟದೆ ಪ್ರಶ್ನೆಗೆ ಕಟ್ಟಬೇಕು ಎಂದು ಆಗ ತಿದ್ದಿ ಬರೆದರು.

ಜೊತೆಗೆ ಒಂದು ರಿಜಿಸ್ಟರ್ ಇಟ್ಟಿದ್ದಾರೆ. ಬಂಧನದ ಸುದ್ದಿ ಹಾಕಿದ ಪ್ರತಿ ಪ್ರಕರಣದ ಕ್ರೈಂ ನಂಬರ್, ನ್ಯಾಯಾಲಯ, ಮುಂದಿನ ತಾರೀಖು ಅದರಲ್ಲಿ ಬರೆಯಬೇಕು, ತೀರ್ಪು ಬಂದ ದಿನ ಅದನ್ನೂ ಹಾಕಬೇಕು. ಮೆಕ್ಯಾನಿಕ್‌ನ ಪ್ರಕರಣ ಅದರ ಮೊದಲ ಪುಟದಲ್ಲಿದೆ. ಆರೋಪಪಟ್ಟಿ ಸಲ್ಲಿಕೆಯಾಗಿದೆ, ಸಾಕ್ಷಿ ವಿಚಾರಣೆ ಇನ್ನೂ ಶುರುವಾಗಿಲ್ಲ.